ಮಲೆನಾಡಿನ ಪುಸ್ತಕಭಂಡಾರ



ಆಷಾಢದ ಮಳೆ ಹಿಡಿದಿರುವಾಗ ಸಕಲೇಶಪುರದ ಘಟ್ಟದಂಚಿನ ಊರುಗಳನ್ನು ಕಂಡವರಿಗೆ ಒಂದು ಸಂಗತಿ ತಾನಾಗಿಯೇ ಹೊಳೆಯುತ್ತದೆ. ಬಯಲುಸೀಮೆಯಲ್ಲಿರುವಂತೆ ಅಲ್ಲಿ ಮನೆಗೆ ಮನೆ ತಾಗಿಕೊಂಡಿಲ್ಲ. ತೋಟದ ನಡುವೆ ಒಂದು ಮನೆ. ಗದ್ದೆಯನ್ನು ದಾಟಿ ದಿಣ್ಣೆಯನ್ನು ಹತ್ತಿಳಿದರೆ ಮತ್ತೊಂದು. ಆಲೂರಿನ ಕಡೆಗೆ ಬೆಟ್ಟಗಳು ತಗ್ಗಿದರೂ ನಡಿಗೆಯೇನೂ ಹೆಚ್ಚು ತಗ್ಗುವುದಿಲ್ಲ. ಇಂಥ ನಾಡಿನಲ್ಲಿ ಹತ್ತು ಜನರು ಒಂದೆಡೆ ಕೂಡುವ ತಾಣಗಳು ಕೆಲವೇ: ದೇವಸ್ಥಾನ, ಸಂತೆ, ಅಂಗಡಿಯ ಜಗಲಿ. ಇವುಗಳ ಸಾಲಿಗೆ ಸೇರಬೇಕಾದುದು ಊರಿನ ಪುಸ್ತಕಭಂಡಾರ.

ಪಟ್ಟಣವಾಸಿಗಳಾದ ತಮಗೆ ಪುಸ್ತಕಭಂಡಾರವೆಂದೊಡನೆ ಬೆಂಗಳೂರಿನ ಕಬ್ಬನ್ ಉದ್ಯಾನದ ಕೆಂಪು ಕಟ್ಟಡವು ನೆನಪಾಗಬಹುದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರಲ್ಲಿ, ಅದು ಸಾರ್ವಜನಿಕರಿಗೆ ದೊರೆಯಿತು. ಆದರೆ ಹಳ್ಳಿಗೆ ಪುಸ್ತಕ ಮುಟ್ಟುವುದಕ್ಕೆ ಬಹುಕಾಲ ಹಿಡಿಯಿತು. 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಾಗಿ, ಮನೆ ಕಂದಾಯದೊಡನೆ ಗ್ರಂಥಾಲಯ ಕರವೂ ಸೇರಿತು. ಆದುದರಿಂದ ಈ ಭಂಡಾರಗಳು ಯಾರೊಬ್ಬರ ದಾನವೂ ಅಲ್ಲ. ಕಂದಾಯ ಕೊಡುವ ಪ್ರತಿಯೊಬ್ಬನ ಸೊತ್ತು. 2019ರಲ್ಲಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದುವು. 2020ರ ನವೆಂಬರಿನಲ್ಲಿ ಮೊದಲಾದ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವೂ ದೊರೆಯಿತು.

ಕಟ್ಟಡವೂ ಕಾಯಿದೆಯೂ ಆದ ಮಾತ್ರಕ್ಕೆ ಕೆಲಸ ಮುಗಿಯಿತೆ? ಗ್ರಂಥಾಲಯ ಶಾಸ್ತ್ರಜ್ಞರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕವಿರುವುದು ಉಪಯೋಗಕ್ಕಾಗಿ ಎಂಬುದು ಮೊದಲನೆಯದು. ಓದುಗನ ವೇಳೆಯನ್ನು ಉಳಿಸಬೇಕೆಂಬುದು ನಾಲ್ಕನೆಯದು. ಇವನ್ನು ಮಲೆನಾಡಿಗೆ ಅನ್ವಯಿಸಿ ನೋಡೋಣ. ಕಾಫಿಯ ಕೊಯಿಲು ನವೆಂಬರಿನ ಸುಮಾರಿಗೆ ಮೊದಲಾಗಿ, ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗುತ್ತದೆ. ಆ ತಿಂಗಳುಗಳಲ್ಲಿ ಕೂಲಿಯವನು ಸಂಜೆಯವರೆಗೂ ತೋಟದಲ್ಲಿರುತ್ತಾನೆ. ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ಬಾಗಿಲಿಗೆ ಬೀಗ ಬಿದ್ದಿದ್ದರೆ ಒಳಗಿನ ಪುಸ್ತಕಗಳಿಂದ ಅವನಿಗೇನು ಫಲ? ಆದುದರಿಂದ ಬಾಗಿಲು ತೆರೆಯುವ ವೇಳೆಯನ್ನು ಊರಿನ ಬಿಡುವು ನಿರ್ಣಯಿಸಬೇಕೇ ಹೊರತು ಕಚೇರಿಯ ಗಡಿಯಾರವಲ್ಲ. ಬರಲಾರದವರ ಬಳಿಗೆ ಪುಸ್ತಕವೇ ಹೋಗಬಹುದು. 1931ರಲ್ಲಿಯೇ ತಮಿಳುನಾಡಿನ ಮನ್ನಾರ್ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಗ್ರಂಥಾಲಯವು ಹಳ್ಳಿಗಳನ್ನು ಸುತ್ತಿತು. ಅಂದು ಎತ್ತಿನ ಗಾಡಿಗೆ ಸಾಧ್ಯವಾದುದು ಇಂದು ತೋಟದ ಜೀಪಿಗೆ ಅಸಾಧ್ಯವೆನ್ನಲಾಗದು.

ಎರಡನೆಯ ತೊಡಕು ಥಂಡಿ. ನಾಲ್ಕು ತಿಂಗಳ ಮಳೆಯಲ್ಲಿ ಗೋಡೆ ಬೆವರಿ, ಕಾಗದಕ್ಕೆ ಬೂಷ್ಟು ಹಿಡಿದು, ರಟ್ಟು ಬಿಟ್ಟುಕೊಳ್ಳುತ್ತದೆ. ಕಪಾಟು ಗೋಡೆಯಿಂದ ಗೇಣು ದೂರವಿರಲಿ. ಹೊಳವಾದ ದಿನ ಕಿಟಕಿಗಳನ್ನು ತೆರೆಯಲಿ. ಇವೆಲ್ಲಕ್ಕಿಂತ ಮಿಗಿಲಾದ ಮದ್ದು ಪುಸ್ತಕವನ್ನು ಓದುವುದೇ ಆಗಿದೆ. ಕೈಯಿಂದ ಕೈಗೆ ಹೋಗುತ್ತಿರುವ ಪುಸ್ತಕಕ್ಕೆ ಗಾಳಿಯಾಡುತ್ತದೆ; ಬೀಗ ಹಾಕಿ ಕಾಪಾಡಿದ್ದೇ ಮೊದಲು ಬೂಷ್ಟು ಹಿಡಿಯುವುದು.

ಮೂರನೆಯದು ಭಾಷೆಯ ಮಾತು. ತೋಟಗಳ ಲೈನು ಮನೆಗಳಲ್ಲಿ ತಮಿಳು, ತುಳು, ಮಲೆಯಾಳಗಳನ್ನಾಡುವ ಸಂಸಾರಗಳುಂಟು. ಈಚೆಗೆ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಆ ಮಕ್ಕಳಿಗೆ ಕನ್ನಡವು ಶಾಲೆಯಲ್ಲಿ ಮಾತ್ರ ದೊರೆತರೆ ಅದು ಪರೀಕ್ಷೆಯ ಭಾಷೆಯಾಗಿಯೇ ಉಳಿದೀತು. ಚಿತ್ರಗಳಿರುವ ಕಥೆಯ ಪುಸ್ತಕವೊಂದನ್ನು ಸ್ಥಳೀಯ ಮಗುವಿನ ಪಕ್ಕದಲ್ಲಿ ಕುಳಿತು ಓದಿದ ದಿನ ಅದು ಗೆಳೆತನದ ಭಾಷೆಯಾಗುತ್ತದೆ. ಮಾಲೀಕನ ಮಗನೂ ಕೂಲಿಯ ಮಗಳೂ ಒಂದೇ ಬೆಂಚಿನ ಮೇಲೆ ಕೂಡಬಲ್ಲ ತಾಣ ಬೇರೆ ಎಷ್ಟಿವೆ?

ಹಾಸನ ಸೀಮೆಯು ಸಾಹಿತ್ಯಕ್ಕೆ ಬಡತನದ ನೆಲವಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೇಮಾವತಿಯ ದಂಡೆಯ ಜನರನ್ನು ನಾಡಿಗೆಲ್ಲ ಪರಿಚಯಿಸಿದರು. ಸಕಲೇಶಪುರದ ಎಸ್. ಕೆ. ಕರೀಂಖಾನರು ಜನಪದ ಗೀತೆಗಳನ್ನು ಸಂಗ್ರಹಿಸುತ್ತ ನಡೆದರು. ಹಾಸನದ ಬಾನು ಮುಷ್ತಾಕರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಲಂಡನ್ನಿನಲ್ಲಿ ಮನ್ನಣೆ ಪಡೆದ ಕಥೆಯು ಆಲೂರಿನ ಹುಡುಗಿಯೊಬ್ಬಳ ಕೈಗೆ ಅವಳ ಊರಿನಲ್ಲಿಯೇ ಸಿಕ್ಕಬೇಡವೆ?

ತಮ್ಮಲ್ಲಿ ಅನೇಕರ ಹುಟ್ಟೂರು ಇಂಥದೇ ಒಂದು ಹಳ್ಳಿಯಾಗಿದ್ದೀತು. ಮುಂದಿನ ಸಲ ಊರಿಗೆ ಹೋದಾಗ ಅಲ್ಲಿಯ ಪುಸ್ತಕಭಂಡಾರದ ಹೊಸ್ತಿಲನ್ನೊಮ್ಮೆ ತುಳಿಯಿರಿ. ಮನೆಯಲ್ಲಿ ಬೇಡವಾದ ಹಳೆಯ ಕಟ್ಟನ್ನಲ್ಲ, ತಾವು ಮೆಚ್ಚಿದ ಒಂದು ಪುಸ್ತಕವನ್ನು ಕೊಡಿರಿ. ಬಾಗಿಲು ಯಾವ ವೇಳೆಗೆ ತೆರೆಯುತ್ತದೆಂದು ವಿಚಾರಿಸಿರಿ. ಕೇಳುವವರಿದ್ದರೆ ಬಾಗಿಲು ತೆರೆದಿರುತ್ತದೆ.