ಗೋರಿಕಲ್ಲು ಹಾಸಿದ ಅಂಗಳ

ಚೆನ್ನೈನ ಸೇಂಟ್ ಜಾರ್ಜ್ ಕೋಟೆಗೆ ಹೊರಟವರು ಗುರುತಿನ ಚೀಟಿ ಜೇಬಿನಲ್ಲಿಟ್ಟುಕೊಂಡಿರಬೇಕು. ತಮಿಳುನಾಡಿನ ವಿಧಾನಸಭೆ, ಸಚಿವಾಲಯ ಎರಡೂ ಇದರೊಳಗೇ ಇವೆ. ತಪಾಸಣೆ ಮುಗಿಸಿ, ಕಡತ ಹಿಡಿದು ಓಡಾಡುವ ನೌಕರರನ್ನು ದಾಟಿ ಒಂದಿಷ್ಟು ನಡೆದರೆ ಬಿಳಿ ಬಣ್ಣದ ಸೇಂಟ್ ಮೇರಿ ಚರ್ಚು ಸಿಗುತ್ತದೆ. ಸೂಯೆಜ್‌ನಿಂದ ಪೂರ್ವಕ್ಕೆ ಇದಕ್ಕಿಂತ ಹಳೆಯ ಆಂಗ್ಲಿಕನ್ ಚರ್ಚು ಇಲ್ಲ.

ಬಾಗಿಲು ಮುಟ್ಟುವ ಮೊದಲೇ ನಾನು ನಿಂತುಬಿಟ್ಟೆ. ಕಾಲಡಿಯ ಹಾಸುಗಲ್ಲುಗಳೆಲ್ಲ ಗೋರಿಕಲ್ಲುಗಳು! ಲ್ಯಾಟಿನ್, ಪೋರ್ಚುಗೀಸ್, ಅರ್ಮೇನಿಯನ್ ಬರಹಗಳು. ಒಂದರ ಇಸವಿ 1652, ಅಂದರೆ ಚರ್ಚಿಗಿಂತಲೂ ಹಳೆಯದು. ಸತ್ತವರು ಮಾತ್ರ ಈ ಕಲ್ಲುಗಳ ಕೆಳಗಿಲ್ಲ. ಅವರನ್ನು ಹೂಳಿದ್ದು ಕೋಟೆಯ ಹೊರಗೆ, ಮುಂದೆ ಕಾನೂನು ಕಾಲೇಜು ಎದ್ದ ಜಾಗದಲ್ಲಿ. 1758-59ರಲ್ಲಿ ಫ್ರೆಂಚ್ ಸೇನಾಪತಿ ಲಾಲಿ ಮುತ್ತಿಗೆ ಹಾಕಿದಾಗ ಅವನ ಸೈನಿಕರಿಗೆ ಆ ಗೋರಿಗಳೇ ಮರೆಯಾದವು. ಪಾಠ ಕಲಿತ ಇಂಗ್ಲಿಷರು ಗೋರಿಗಳನ್ನು ಕೆಡವಿ, ಕಲ್ಲುಗಳನ್ನು ತಂದು ಇಲ್ಲಿ ಹಾಸಿದರು. ಅಲ್ಲಿಗೂ ಮುಗಿಯಲಿಲ್ಲ. ಹೈದರಾಲಿಯ ದಂಡಿನ ಭಯ ಹುಟ್ಟಿದಾಗ ಇವುಗಳಲ್ಲಿ ಕೆಲವನ್ನು ಕಿತ್ತು ಫಿರಂಗಿ ಕೂರಿಸಲು ಬಳಸಿದರು. ನಮ್ಮ ಶ್ರೀರಂಗಪಟ್ಟಣದ ನೆರಳು ಇಲ್ಲಿಯವರೆಗೂ ಚಾಚಿತ್ತು!

ಗವರ್ನರ್ ಸ್ಟ್ರೇನ್‌ಶಮ್ ಮಾಸ್ಟರ್ 1678ರಲ್ಲಿ ಕಟ್ಟಲು ತೊಡಗಿದ ಚರ್ಚು 1680ರ ಅಕ್ಟೋಬರ್ 28ರಂದು ಪ್ರತಿಷ್ಠೆಯಾಯಿತು. ಹಣ ಕೋಟೆಯ ಇಂಗ್ಲಿಷರು ವರಹಗಳಲ್ಲಿ ಕೊಟ್ಟ ವಂತಿಗೆಯದು. ಒಳಗೆ ತಲೆಯೆತ್ತಿ ನೋಡಿದರೆ ತೊಲೆ, ಜಂತೆ ಒಂದೂ ಕಾಣದು; ಗುಂಡು ಬಿದ್ದರೂ ಜಗ್ಗದಂತೆ ಇಟ್ಟಿಗೆಯ ಕಮಾನು ಚಾವಣಿ. ಗೋಡೆಯ ದಪ್ಪ ಸುಮಾರು ನಾಲ್ಕು ಅಡಿ. ಪ್ರಾರ್ಥನೆಗೂ ಕೋಟೆಯೇ ಬೇಕಾಗಿದ್ದ ಕಾಲ ಅದು.

ಇಲ್ಲಿ ನಡೆದ ಮೊದಲ ಮದುವೆ ಎಲಿಹು ಯೇಲ್‌ನದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹೆಸರಿನ ಯೇಲ್ ಇವನೇ. 1753ರಲ್ಲಿ ಕ್ಲೈವ್ ಮದುವೆಯಾದದ್ದೂ ಇಲ್ಲೇ. ದೀಕ್ಷಾಸ್ನಾನದ ತೊಟ್ಟಿ ಪಲ್ಲಾವರದ ಕರಿಕಲ್ಲಿನದು. ಕಲ್ಕತ್ತೆಯ ಜಾಬ್ ಚಾರ್ನಾಕ್‌ನ ಮೂವರು ಹೆಣ್ಣುಮಕ್ಕಳ ದೀಕ್ಷಾಸ್ನಾನ 1689ರಲ್ಲಿ ಈ ಚರ್ಚಿನಲ್ಲಿ ಆಯಿತು. ಮುಂದೆ ಚಾರ್ನಾಕ್‌ನ ಗೋರಿಗೂ ಪಲ್ಲಾವರದ ಕಲ್ಲೇ ಹೋಯಿತು. ಅದರಿಂದಲೇ ಆ ಶಿಲೆಗೆ ಚಾರ್ನೊಕೈಟ್ ಎಂಬ ಹೆಸರು. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ ಇರುವುದು ಈ ಜಾತಿಯ ಕಲ್ಲೇ.

ಗೋಡೆಯಲ್ಲಿ ಪಾದ್ರಿ ಶ್ವಾರ್ಟ್ಸ್‌ನ ಅಮೃತಶಿಲೆಯ ಸ್ಮಾರಕವಿದೆ. 1779ರಲ್ಲಿ ಕಂಪನಿಯವರು ಹೈದರನ ಬಳಿಗೆ ಸಂಧಾನಕ್ಕೆ ಕಳಿಸಿದ್ದು ಈತನನ್ನೇ. ಅಂಥ ಮನುಷ್ಯನ ಸ್ಮಾರಕದ ಎದುರಿಗೂ ಜನ ಕ್ಲೈವ್‌ನ ಮದುವೆಯನ್ನೇ ವಿಚಾರಿಸುತ್ತಾರೆ.

ಕನ್ನಡಿಗರು ತಪ್ಪದೆ ನೋಡಬೇಕಾದದ್ದು ಥಾಮಸ್ ಮನ್ರೋನ ಸಮಾಧಿ. ಟಿಪ್ಪು ಮಡಿದ ಮೇಲೆ ಕೆನರಾ ಜಿಲ್ಲೆಯ ಕಲೆಕ್ಟರನಾಗಿದ್ದವನು, ಆಮೇಲೆ ಬಳ್ಳಾರಿ ಸೀಮೆಯನ್ನು ಆಳಿದವನು. ಮಂತ್ರಾಲಯದ ರಾಯರು ಬೃಂದಾವನದಿಂದ ಮಾತಾಡಿಸಿದರೆಂದು ಭಕ್ತರು ಹೇಳುವ ಮನ್ರೋ ಸಾಹೇಬ ಇವನೇ. ಮದರಾಸಿನ ಗವರ್ನರನಾಗಿದ್ದಾಗ 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಮೊದಲು ಗುತ್ತಿಯಲ್ಲಿ ಹೂಳಿ, 1831ರಲ್ಲಿ ಇಲ್ಲಿಗೆ ತಂದರು. ಅಂಗಳದ ಕಲ್ಲುಗಳ ಕೆಳಗೆ ಯಾರೂ ಇಲ್ಲ. ಮನ್ರೋ ಮಾತ್ರ ತನ್ನ ಕಲ್ಲಿನ ಕೆಳಗೇ ಇದ್ದಾನೆ.