ಟ್ರಾಕ್ಟರಿನ ಜೋಡಿ ಬ್ರೇಕು: ಹೊಲದಲ್ಲಿ ಬೇರೆ, ರಸ್ತೆಯಲ್ಲಿ ಒಂದೇ



ಶೇಂಗಾ ಕಿತ್ತು, ಬಿಡಿಸಿ, ಒಣಗಿಸಿದ ಮೇಲೆ ಮೂಟೆಗಳು ಟ್ರೇಲರ್ ಏರುತ್ತವೆ. ನಮ್ಮ ಮೊಳಕಾಲ್ಮೂರು, ರಾಂಪುರದ ಕಡೆಯಿಂದ ಚಳ್ಳಕೆರೆಯ ಮಾರುಕಟ್ಟೆಗೆ ಹೊರಟ ಟ್ರಾಕ್ಟರು ಬಳ್ಳಾರಿ–ಹಿರಿಯೂರು ಹೆದ್ದಾರಿಯನ್ನು ಹಿಡಿಯುತ್ತದೆ. ಬೆಳಿಗ್ಗೆ ಹೊಲದಲ್ಲಿ ಕುಂಟೆ ಎಳೆದ ಯಂತ್ರವೇ ಸಂಜೆ ಲಾರಿ, ಬಸ್ಸುಗಳ ನಡುವೆ ಓಡುತ್ತದೆ. ಈ ಎರಡರ ನಡುವೆ ಚಾಲಕನು ತಪ್ಪದೆ ಮಾಡಬೇಕಾದ ಒಂದು ಸಣ್ಣ ಕೆಲಸವಿದೆ. ಅದೆಂದರೆ ಬ್ರೇಕಿನ ಎರಡು ಪೆಡಲುಗಳಿಗೆ ಕೊಂಡಿ ಹಾಕಿ ಅವನ್ನು ಒಂದು ಮಾಡುವುದು. ಅದಕ್ಕೆ ಒಂದು ನಿಮಿಷವೂ ಬೇಡ, ಒಂದು ಕಾಸೂ ಬೇಡ. ಆದರೆ ಅದನ್ನು ಮರೆತರೆ ಟ್ರಾಕ್ಟರು ಮಗುಚಿ ಜೀವಕ್ಕೇ ಕುತ್ತು ಬರಬಹುದು.

ಎರಡು ಪೆಡಲು ಏಕೆ?

ಕಾರಿಗೆ ಬ್ರೇಕಿನ ಪೆಡಲು ಒಂದೇ. ಟ್ರಾಕ್ಟರಿಗೆ ಬಲಗಾಲಿನ ಬಳಿ ಎರಡು ಪೆಡಲುಗಳಿರುತ್ತವೆ. ಎಡ ಪೆಡಲು ಹಿಂದಿನ ಎಡ ಚಕ್ರವನ್ನೂ, ಬಲ ಪೆಡಲು ಹಿಂದಿನ ಬಲ ಚಕ್ರವನ್ನೂ ಹಿಡಿಯುತ್ತದೆ. ಏಕೆ ಹೀಗೆ ಮಾಡಿದ್ದಾರೆ?

ಎತ್ತಿನ ಬೇಸಾಯ ಮಾಡಿದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಸಾಲಿನ ತುದಿಯಲ್ಲಿ ಬಲಕ್ಕೆ ತಿರುಗಬೇಕಾದರೆ ನೀವು ಏನು ಮಾಡುತ್ತೀರಿ? ಬಲದ ಎತ್ತಿನ ಹಗ್ಗ ಜಗ್ಗಿ ಅದನ್ನು ತಡೆಯುತ್ತೀರಿ, ಎಡದ ಎತ್ತನ್ನು ಮುಂದೆ ನಡೆಸುತ್ತೀರಿ. ನಿಂತ ಎತ್ತಿನ ಸುತ್ತ ನಡೆಯುವ ಎತ್ತು ಸುತ್ತುತ್ತದೆ. ಜೋಡಿಯು ಚಿಕ್ಕ ಜಾಗದಲ್ಲಿ ತಿರುಗಿ ಹೊಸ ಸಾಲು ಹಿಡಿಯುತ್ತದೆ.

ಟ್ರಾಕ್ಟರಿನಲ್ಲಿ ನಡೆಯುವುದೂ ಇದೇ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚಲು ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಜೋಡಣೆ ಇದೆ. ಒಂದು ಚಕ್ರವನ್ನು ಪೂರ್ತಿ ತಡೆದರೆ ಅದರ ಪಾಲಿನ ಸುತ್ತು ಕೂಡ ಇನ್ನೊಂದಕ್ಕೆ ಹೋಗುತ್ತದೆ. ಆ ಚಕ್ರ ಇಮ್ಮಡಿ ವೇಗದಲ್ಲಿ ತಿರುಗುತ್ತದೆ. ಬಲ ಪೆಡಲನ್ನು ಮಾತ್ರ ಒತ್ತಿದರೆ ಟ್ರಾಕ್ಟರು ಬಲಕ್ಕೆ ಹೊರಳುತ್ತದೆ, ಎಡ ಪೆಡಲನ್ನು ಒತ್ತಿದರೆ ಎಡಕ್ಕೆ.

ಸ್ಟೀರಿಂಗ್ ಇರುವಾಗ ಇದೇಕೆ ಬೇಕು ಎಂದು ಕೇಳಬಹುದು. ಸ್ಟೀರಿಂಗ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಹಿಂದೆ ಭಾರವಾದ ನೇಗಿಲು ಅಥವಾ ಕಲ್ಟಿವೇಟರ್ ತೂಗುವಾಗ ಮುಂದಿನ ಚಕ್ರಗಳ ಮೇಲೆ ಭಾರ ಕಡಿಮೆಯಾಗುತ್ತದೆ. ಸಡಿಲ ಮಣ್ಣಿನಲ್ಲಿ ಅವು ತಿರುಗಿದರೂ ನೆಲವನ್ನು ಕಚ್ಚದೆ ಜಾರುತ್ತವೆ. ಆಗ ಒಂದು ಬದಿಯ ಬ್ರೇಕೇ ಎರಡನೆಯ ಸ್ಟೀರಿಂಗ್ ಆಗಿ ನೆರವಾಗುತ್ತದೆ. ಬದುಗಳು ಹತ್ತಿರವಿರುವ ನಮ್ಮ ಸಣ್ಣ ಹೊಲಗಳಲ್ಲಿ ಇದರ ಉಪಯೋಗ ಬಹಳ.

ರಸ್ತೆಯಲ್ಲಿ ಅದೇ ಅಪಾಯ

ಹೊಲದಲ್ಲಿ ಟ್ರಾಕ್ಟರು ಗಂಟೆಗೆ 5 ಕಿಲೋಮೀಟರು ನಡೆಯುತ್ತದೆ ಎನ್ನಿ. ರಸ್ತೆಯಲ್ಲಿ ಅದೇ 25 ಕಿಲೋಮೀಟರು ಓಡುತ್ತದೆ. ವೇಗ 5 ಪಟ್ಟು ಹೆಚ್ಚಿತು. ಆದರೆ ತಿರುವಿನಲ್ಲಿ ಟ್ರಾಕ್ಟರನ್ನು ಹೊರಕ್ಕೆ ಉರುಳಿಸಲು ನೋಡುವ ಬಲ ವೇಗದ ವರ್ಗದಂತೆ ಬೆಳೆಯುತ್ತದೆ. ಅಷ್ಟೇ ಚಿಕ್ಕ ಸುತ್ತಿನಲ್ಲಿ ತಿರುಗಿದರೆ ಅದು 5 ಪಟ್ಟಲ್ಲ, 25 ಪಟ್ಟು. ಟ್ರಾಕ್ಟರಿನ ಭಾರದ ಕೇಂದ್ರ ಎತ್ತರದಲ್ಲಿರುವುದರಿಂದ ಅದು ಕಾರಿಗಿಂತ ಬೇಗ ಮಗುಚುತ್ತದೆ.

ಈಗ ಯೋಚಿಸಿರಿ. ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ಒಂದೊಂದು ಸೆಕೆಂಡಿಗೆ ಸುಮಾರು 7 ಮೀಟರು ಸಾಗುತ್ತೀರಿ. ಎದುರಿಗೆ ಎಮ್ಮೆ ಅಡ್ಡ ಬಂದಿತು. ಗಾಬರಿಯಲ್ಲಿ ಇಟ್ಟ ಕಾಲು ಒಂದೇ ಪೆಡಲಿನ ಮೇಲೆ ಬಿದ್ದಿತು. ಬಲ ಪೆಡಲಾದರೆ ಟ್ರಾಕ್ಟರು ಎದುರು ಬರುವ ವಾಹನದ ದಾರಿಗೆ ನುಗ್ಗುತ್ತದೆ. ಎಡ ಪೆಡಲಾದರೆ ಹಳ್ಳಕ್ಕೆ. ಹಿಂದೆ ತುಂಬಿದ ಟ್ರೇಲರ್ ಇದ್ದರೆ ಅದು ನಿಲ್ಲದೆ ದೂಡುತ್ತದೆ. ಅಡ್ಡ ತಿರುಗಿದ ಟ್ರಾಕ್ಟರನ್ನು ಮಡಚಿ ಕೆಡವುತ್ತದೆ. ಚಾಲಕನ ಕೈಯಲ್ಲಿ ಸ್ಟೀರಿಂಗ್ ನೆಟ್ಟಗೇ ಇದ್ದರೂ ಪ್ರಯೋಜನವಿಲ್ಲ.

ಎರಡು ಪೆಡಲುಗಳನ್ನು ಕೂಡಿಸುವ ಕೊಂಡಿ ಇರುವುದು ಇದಕ್ಕಾಗಿಯೇ. ಅದನ್ನು ಹಾಕಿದರೆ ಕಾಲು ಯಾವ ಪೆಡಲಿನ ಮೇಲೆ ಬಿದ್ದರೂ ಎರಡೂ ಒಟ್ಟಿಗೆ ಇಳಿಯುತ್ತವೆ, ಎರಡು ಚಕ್ರಗಳೂ ಒಟ್ಟಿಗೆ ನಿಲ್ಲುತ್ತವೆ.

ದೋಣಿಗೂ ಇದೇ ನಿಯಮ

ಕೂಡಿಸುವ ಮತ್ತು ಬಿಡಿಸುವ ಈ ಉಪಾಯ ಟ್ರಾಕ್ಟರಿಗೆ ಮಾತ್ರ ಸೇರಿದ್ದಲ್ಲ. ಸಮುದ್ರದಲ್ಲಿ ಓಡುವ ಹಾಯಿದೋಣಿಯನ್ನು ನೋಡಿರಿ. ಅದರ ಹಿಂಬದಿಯಲ್ಲಿ ಚುಕ್ಕಾಣಿ ಇರುತ್ತದೆ. ಗಾಳಿ ಬಿದ್ದಾಗ ನಡೆಸಲು ಪಕ್ಕದಲ್ಲಿ ಒಂದು ಮೋಟಾರನ್ನೂ ತೂಗುಹಾಕಿರುತ್ತಾರೆ. ನಿಧಾನವಾಗಿ ಹೋಗುವಾಗ ಚುಕ್ಕಾಣಿಗೆ ನೀರಿನ ಹಿಡಿತ ಸಾಲದು. ಆದ್ದರಿಂದ ಚುಕ್ಕಾಣಿಗೂ ಮೋಟಾರಿಗೂ ಒಂದು ಸರಳು ಜೋಡಿಸುತ್ತಾರೆ. ಒಂದನ್ನು ತಿರುಗಿಸಿದರೆ ಎರಡೂ ತಿರುಗುತ್ತವೆ. ಗಾಳಿ ಬಂದು ಹಾಯಿ ಬಿಚ್ಚಿದಾಗ ಮೋಟಾರನ್ನು ನೀರಿನಿಂದ ಮೇಲೆತ್ತಬೇಕು. ಆಗ ಸರಳನ್ನು ಬಿಡಿಸಬೇಕು. ಅದಕ್ಕೆಂದೇ ಅಲ್ಲಿ ಸುಲಭವಾಗಿ ಕಳಚುವ ಪಿನ್ನು ಇಡುತ್ತಾರೆ. ನಮ್ಮ ಪೆಡಲಿನ ಕೊಂಡಿಯೂ ಅಂಥದೇ.

ಆದ್ದರಿಂದ ಕೊಂಡಿಯನ್ನು ಕಿತ್ತು ಎಸೆಯುವುದೂ ತಪ್ಪು, ಶಾಶ್ವತವಾಗಿ ಬೆಸುಗೆ ಹಾಕಿಸುವುದೂ ತಪ್ಪು. ಹಳ್ಳಿಗಳಲ್ಲಿ ನಾನು ನೋಡುವ ಎಷ್ಟೋ ಟ್ರಾಕ್ಟರುಗಳಲ್ಲಿ ಕೊಂಡಿ ಇದ್ದೂ ಕೆಸರು, ತುಕ್ಕು ಹಿಡಿದು ಅಲುಗಾಡದಂತಾಗಿರುತ್ತದೆ. ಅದಕ್ಕೆ ಬೇಕಾಗಿರುವುದು ನಾಲ್ಕು ಹನಿ ಎಣ್ಣೆ ಮಾತ್ರ.

ಕೊಂಡಿ ಹಾಕಿದರೆ ಸಾಕೇ?

ಸಾಲದು. ಎರಡು ಬ್ರೇಕುಗಳೂ ಸಮನಾಗಿ ಹಿಡಿಯಬೇಕು. ಹೊಲದಲ್ಲಿ ಯಾವಾಗಲೂ ಒಂದೇ ಕಡೆಗೆ ತಿರುಗುವವರ ಟ್ರಾಕ್ಟರಿನಲ್ಲಿ ಆ ಬದಿಯ ಬ್ರೇಕು ಹೆಚ್ಚು ಸವೆಯುತ್ತದೆ. ಆಗ ಕೊಂಡಿ ಹಾಕಿದ್ದರೂ ಒಂದು ಚಕ್ರ ಮೊದಲು ನಿಂತು ಟ್ರಾಕ್ಟರು ಪಕ್ಕಕ್ಕೆ ಎಳೆಯುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಟ್ರೇಲರ್ ಬಿಚ್ಚಿ, ಜನ ಜಾನುವಾರು ಇಲ್ಲದ ಸಮನಾದ ಮಣ್ಣಿನ ಬಯಲಿಗೆ ಹೋಗಿರಿ. ಕೊಂಡಿ ಹಾಕಿ, ನಿಧಾನವಾಗಿ ನೆಟ್ಟಗೆ ಓಡಿಸಿ, ಕ್ಲಚ್ಚು ಮತ್ತು ಬ್ರೇಕು ಒತ್ತಿ ನಿಲ್ಲಿಸಿರಿ. ಇಳಿದು ಹಿಂದಿನ ಚಕ್ರಗಳು ಉಜ್ಜಿದ ಗುರುತುಗಳನ್ನು ನೋಡಿರಿ. ಎರಡೂ ಒಂದೇ ಉದ್ದವಾಗಿದ್ದರೆ ಬ್ರೇಕು ಸರಿ ಇದೆ. ಒಂದು ಉದ್ದ, ಒಂದು ಗಿಡ್ಡವಾದರೆ ಮೆಕ್ಯಾನಿಕ್ಕಿಗೆ ತೋರಿಸಿ, ಕೈಪಿಡಿಯ ಅಳತೆಗೆ ಸರಿಪಡಿಸಿಕೊಳ್ಳುವ ತನಕ ರಸ್ತೆಗೆ ಇಳಿಯಬೇಡಿರಿ.

ನೆನಪಿಡಬೇಕಾದ ಮಾತುಗಳು

1. ಹೊಲದಿಂದ ರಸ್ತೆಗೆ ಏರುವ ಮೊದಲು, ಬದುವಿನ ಬಳಿಯೇ ನಿಲ್ಲಿಸಿ ಕೊಂಡಿ ಹಾಕಿರಿ. ಊರು ತಲುಪಿದ ಮೇಲೆ ಹಾಕೋಣ ಎನ್ನಬೇಡಿರಿ.

2. ಕೊಂಡಿ ಕಳೆದುಹೋಗಿದ್ದರೆ ತಂತಿ, ಹಗ್ಗ ಕಟ್ಟಬೇಡಿರಿ. ಗಟ್ಟಿಯಾಗಿ ಒತ್ತಿದಾಗ ಅದು ಹರಿಯುತ್ತದೆ. ನಿಮ್ಮ ಮಾದರಿಯ ಕೊಂಡಿಯನ್ನೇ ತಂದು ಹಾಕಿಸಿರಿ.

3. ಅನೇಕ ಟ್ರಾಕ್ಟರುಗಳಲ್ಲಿ ಕೊಂಡಿ ಹಾಕದಿದ್ದರೆ ನಿಲುಗಡೆಯ ಬ್ರೇಕು ಒಂದೇ ಚಕ್ರವನ್ನು ಹಿಡಿಯುತ್ತದೆ. ಇಳಿಜಾರಿನಲ್ಲಿ ನಿಲ್ಲಿಸುವಾಗಲೂ ಕೊಂಡಿ ಹಾಕಿರಿ, ಚಕ್ರಕ್ಕೆ ಕಲ್ಲು ಕೊಡಿರಿ.

4. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಗೇರು ತಪ್ಪಿಸಿ ಬಿಡಬೇಡಿರಿ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನೇ ವೇಗವನ್ನು ತಡೆಯುತ್ತದೆ.

5. ಡಿಫರೆನ್ಷಿಯಲ್ ಲಾಕನ್ನು ಈ ಕೊಂಡಿಯೊಂದಿಗೆ ಗೊಂದಲ ಮಾಡಿಕೊಳ್ಳಬೇಡಿರಿ. ಅದು ಹಿಂದಿನ ಎರಡು ಚಕ್ರಗಳನ್ನೇ ಒಂದಾಗಿ ತಿರುಗಿಸುತ್ತದೆ. ಕೆಸರಿನಲ್ಲಿ ಒಂದು ಚಕ್ರ ಸುಮ್ಮನೆ ತಿರುಗುವಾಗ, ನೆಟ್ಟಗೆ ಹೊರಬರಲು ಮಾತ್ರ ಅದನ್ನು ಹಾಕಬೇಕು. ತಿರುವಿನಲ್ಲಿಯೂ ರಸ್ತೆಯಲ್ಲಿಯೂ ಅದು ಕೂಡದು.

6. ಬ್ರೇಕು ಎಷ್ಟೇ ಚೆನ್ನಾಗಿರಲಿ, ಟ್ರೇಲರಿನಲ್ಲಾಗಲಿ ಮಡ್ಗಾರ್ಡಿನ ಮೇಲಾಗಲಿ ಜನರನ್ನು ಕೂರಿಸಬೇಡಿರಿ. ಗೌರಸಮುದ್ರದ ಮಾರಮ್ಮನ ಜಾತ್ರೆಗೂ ನಾಯಕನಹಟ್ಟಿಯ ತೇರಿಗೂ ಮನೆಮಂದಿಯನ್ನೆಲ್ಲ ಟ್ರಾಕ್ಟರಿನಲ್ಲಿ ತುಂಬಿಕೊಂಡು ಹೋಗುವ ಅಭ್ಯಾಸ ನಮ್ಮಲ್ಲಿದೆ. ಮಗುಚಿದರೆ ಮೂಟೆಯನ್ನು ಮತ್ತೆ ಹೇರಬಹುದು. ಮಕ್ಕಳನ್ನು ಮತ್ತೆ ತರಲಾಗದು.

ಟ್ರಾಕ್ಟರು ಓಡಿಸುವವನು ಮನೆಯ ಮಗನಾಗಿರಲಿ, ಸಂಬಳದ ಆಳಾಗಿರಲಿ, ಹೊರಡುವ ಮುನ್ನ ಮನೆಯವರು ಒಂದು ಮಾತು ಕೇಳುವ ರೂಢಿ ಇಟ್ಟುಕೊಳ್ಳಿರಿ: “ಕೊಂಡಿ ಹಾಕಿದೆಯೇನಪ್ಪಾ?” ಆತನು ಹೌದೆಂದು ಬಾಯಲ್ಲಿ ಹೇಳಿದರೆ ಸಾಲದು, ಬಗ್ಗಿ ಕೈಯಿಂದ ಮುಟ್ಟಿ ನೋಡಲಿ.