ಕೈರೋಪ್ರಾಕ್ಟಿಕ್ ಚಿಕಿತ್ಸೆ ಮತ್ತು ನರಮಂಡಲ: ಸಾರ್ವಜನಿಕರಿಗೆ ಮಾಹಿತಿ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ನಿಂಬೆ, ತೊಗರಿ, ಕಬ್ಬಿನ ಹೊರೆ ಹೊರುವವರಿಗೆ ಹಾಗೂ ಟ್ರ್ಯಾಕ್ಟರ್ ಚಾಲಕರಿಗೆ ಸೊಂಟನೋವು, ಕುತ್ತಿಗೆನೋವು ಹೊಸದಲ್ಲ. ಉಳುಕು ತೆಗೆಸುವ ರೂಢಿಯೂ ಹಳೆಯದೇ. ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಹಠಾತ್ತನೆ ಒತ್ತಿ ಅಥವಾ ತಿರುಗಿಸಿ ಸಡಿಲಿಸುವ ಕೈರೋಪ್ರಾಕ್ಟಿಕ್ ಚಿಕಿತ್ಸೆಯು ಮಿದುಳನ್ನು ಚುರುಕುಗೊಳಿಸುತ್ತದೆ, ಪಾರ್ಶ್ವವಾಯುವನ್ನು ಗುಣಪಡಿಸುತ್ತದೆ ಎಂಬ ಪ್ರಚಾರವಿರುವುದರಿಂದ ಈ ಕೆಳಗಿನ ವಿವರಗಳನ್ನು ನೀಡಲಾಗಿದೆ.

ಈ ಪದ್ಧತಿಯನ್ನು 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬುವರು ಆರಂಭಿಸಿದರು. ಬೆನ್ನುಮೂಳೆಯನ್ನು ಒತ್ತಿ ಒಬ್ಬರ ಕಿವುಡುತನ ನಿವಾರಿಸಿದುದಾಗಿ ಅವರು ಹೇಳಿಕೊಂಡಿದ್ದರು. ಆದರೆ ಶ್ರವಣ ನರವು ಬೆನ್ನುಮೂಳೆಯ ಮೂಲಕ ಹಾಯುವುದೇ ಇಲ್ಲ.

ಕೀಲನ್ನು ಎಳೆದಾಗ ಕೇಳಿಬರುವ ಲಟಕ್ ಎಂಬ ಸದ್ದು ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುವುದರಿಂದ ಬರುತ್ತದೆಯೇ ಹೊರತು, ಜಾರಿದ ಮೂಳೆ ಸ್ವಸ್ಥಾನ ಸೇರಿದ್ದರಿಂದಲ್ಲ. ಇಂತಹ ಒತ್ತಡದಿಂದ ಸ್ನಾಯು ಹಾಗೂ ಕೀಲುಗಳ ಸಂವೇದನೆಗಳು ನರಗಳ ಮೂಲಕ ಮಿದುಳಿಗೆ ತಲುಪಿ, ನೋವಿನ ಅನುಭವವು ಕೆಲಕಾಲ ತಗ್ಗಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ದೀರ್ಘಕಾಲದ ಸೊಂಟನೋವಿಗೆ ಇದನ್ನು ಷರತ್ತುಬದ್ಧವಾಗಿ ಶಿಫಾರಸು ಮಾಡಿದೆ. ಪಾರ್ಶ್ವವಾಯು, ಮೂರ್ಛೆರೋಗ ಅಥವಾ ಮಕ್ಕಳ ಬುದ್ಧಿಮಾಂದ್ಯತೆ ಇದರಿಂದ ಗುಣವಾಗುತ್ತವೆ ಎಂಬುದಕ್ಕೆ ವಿಶ್ವಾಸಾರ್ಹ ಪುರಾವೆ ಇರುವುದಿಲ್ಲ.

ಕುತ್ತಿಗೆಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಕುತ್ತಿಗೆಯ ಮೂಳೆಗಳಲ್ಲಿರುವ ರಂಧ್ರಗಳ ಮೂಲಕವೇ ಮೇಲಕ್ಕೆ ಸಾಗುತ್ತವೆ. ಕುತ್ತಿಗೆಯನ್ನು ರಭಸದಿಂದ ತಿರುವಿದ ನಂತರ ಇವುಗಳ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಸಂಭವಿಸಿರುವುದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಇದು ಅಪರೂಪ, ಆದರೆ ಆಗುವ ಹಾನಿ ಜೀವನಪರ್ಯಂತ ಉಳಿಯಬಹುದು. ಚಿಕಿತ್ಸೆಯ ತರುವಾಯ ಹಿಂದೆಂದೂ ಇಲ್ಲದ ತಲೆನೋವು, ತಲೆಸುತ್ತು, ಮಾತು ತೊದಲುವಿಕೆ, ವಸ್ತುಗಳು ಎರಡೆರಡಾಗಿ ಕಾಣುವುದು ಅಥವಾ ನಡೆಯುವಾಗ ವಾಲುವುದು ಕಂಡುಬಂದಲ್ಲಿ ಮನೆಯಲ್ಲಿ ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ನೀಡಬೇಕಾಗುತ್ತದೆ. ಕುತ್ತಿಗೆ ತಿರುವಿಸಿಕೊಂಡ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಬಾರದು.

ರಾತ್ರಿ ಜ್ವರ ಹಾಗೂ ತೂಕ ಇಳಿಕೆಯೊಂದಿಗೆ ಬೆನ್ನುನೋವಿದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಅಂತಹ ಸವೆದ ಮೂಳೆಯನ್ನು ಒತ್ತಿದರೆ ಬೆನ್ನುಹುರಿಗೆ ಪೆಟ್ಟಾಗಬಹುದು. ಕ್ಷಯರೋಗ ಚಿಕಿತ್ಸೆಯು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಲಭ್ಯವಿದೆ. ಮಲಮೂತ್ರ ನಿಯಂತ್ರಣ ತಪ್ಪುವುದು, ತೊಡೆಸಂದು ಮರಗಟ್ಟುವುದು ತುರ್ತು ಶಸ್ತ್ರಚಿಕಿತ್ಸೆ ಬೇಕಾಗಬಹುದಾದ ಲಕ್ಷಣಗಳು.

ಚಿಕಿತ್ಸೆ ಪಡೆಯುವ ಮುನ್ನ ಆ ಕೇಂದ್ರವು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಡಿ ನೋಂದಣಿಯಾಗಿದೆಯೇ ಎಂದು ವಿಚಾರಿಸತಕ್ಕದ್ದು. ನರದೌರ್ಬಲ್ಯದಿಂದ ಅಂಗವಿಕಲತೆ ಉಂಟಾದವರು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಡಿ ಪ್ರಮಾಣಪತ್ರ ಪಡೆಯಲು ಯು.ಡಿ.ಐ.ಡಿ. ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದು. ಮಸಾಜ್ ಅಥವಾ ಕೈರೋಪ್ರಾಕ್ಟಿಕ್ ಕೇಂದ್ರಗಳು ನೀಡುವ ಪತ್ರವು ಈ ಪ್ರಮಾಣಪತ್ರಕ್ಕೆ ಬದಲಿಯಾಗುವುದಿಲ್ಲ. ಅಂಗವಿಕಲತೆಯ ಪ್ರಮಾಣವನ್ನು ಅಧಿಸೂಚಿತ ವೈದ್ಯಕೀಯ ಪ್ರಾಧಿಕಾರವೇ ನಿರ್ಧರಿಸುತ್ತದೆ.